ಮಕ್ಕಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋದ್ರೆ ಸಾಲ್ದು, ಜೊತೇಲಿ ನಿಂತು ಹೇಳೋರೂ ಬೇಕು

ಮಾನ್ಯ ಸಂಪಾದಕರೇ,

ನನ್ನ ಮಗಳು ಐದನೇ ಕ್ಲಾಸು. ಹೋದ ಡಿಸೆಂಬರ್‌ನಲ್ಲಿ ಸ್ಕೂಲಿಂದ ಮೈಸೂರು ಟ್ರಿಪ್ ಹೋಗಿದ್ಲು, ರಾತ್ರಿ ಹನ್ನೊಂದಕ್ಕೆ ಬಸ್ಸಿಳಿದವಳನ್ನ ಏನೇನು ನೋಡ್ದೆ ಪುಟ್ಟಿ ಅಂತ ಕೇಳಿದ್ರೆ ಅರಮನೆ, ಝೂ, ಬೆಟ್ಟ, ಕೆಆರ್‌ಎಸ್ ಅಂತ ಒಂದೇ ಉಸಿರಲ್ಲಿ ಒಪ್ಪಿಸಿದ್ಲು. ಆಮೇಲೆ ಮೆಲ್ಲಗೆ, "ಅಮ್ಮಾ, ಕೆರೆ ಪಕ್ಕ ಒಂದು ಮ್ಯೂಸಿಯಂ ಇತ್ತು, ಅಲ್ಲಿ ಡೈನೋಸಾರ್ ಇತ್ತು, ನಮ್ಮೂರಲ್ಲೂ ಅದರ ಮೂಳೆ ಸಿಗುತ್ತಾ ಅಂತ ಮಿಸ್ಸನ್ನ ಕೇಳ್ದೆ, ಲೈನ್ ಬಿಡ್ಬೇಡ ನಡಿ ನಡಿ ಅಂದ್ರು" ಅಂದ್ಲು. ಒಳಗೆ ಇದ್ದಿದ್ದು ಹದಿನೈದೇ ನಿಮಿಷ ಅಂತೆ. ಮಿಸ್ಸನ್ನ ದೂರೋಕೆ ನಂಗೆ ಮನಸ್ಸಿಲ್ಲ, ಅರವತ್ತು ಮಕ್ಕಳ ತಲೆ ಎಣಿಸ್ಕೊಂಡು ಸಂಜೆಯೊಳಗೆ ಐದು ಜಾಗ ಮುಗಿಸ್ಬೇಕು ಅಂದ್ರೆ ಯಾರಾದ್ರೂ ಹಾಗೇ ಅಂತಾರೆ. ಆದ್ರೆ ಆ ಪ್ರಶ್ನೆಗೆ ಮನೇಲಿ ನನಗೂ ಉತ್ತರ ಗೊತ್ತಿರ್ಲಿಲ್ಲ.

ಬೇಸಿಗೆ ರಜೇಲಿ ತವರುಮನೆಗೆ ಮೈಸೂರಿಗೆ ಹೋದಾಗ ನಮ್ಮಪ್ಪನ ಸ್ನೇಹಿತರೊಬ್ಬರು, ರಿಟೈರ್ ಆದ ಜಿಯಾಲಜಿ ಮೇಷ್ಟ್ರು, ಕೇರಿಯ ಎಂಟು ಮಕ್ಕಳನ್ನ ಅದೇ ಮ್ಯೂಸಿಯಂಗೆ ಕರ್ಕೊಂಡು ಹೋದ್ರು, ನಾನೂ ಹಿಂದೆ ಹೋದೆ. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ, 1995ರಲ್ಲಿ ಶುರುವಾಗಿದ್ದು, ಕೇಂದ್ರ ಪರಿಸರ ಇಲಾಖೆಗೆ ಸೇರಿದ್ದು. ನನ್ನ ಮಗಳು ಡೈನೋಸಾರ್ ಮುಂದೆ ನಿಂತು ಮತ್ತೆ ಅದೇ ಪ್ರಶ್ನೆ ಕೇಳಿದ್ಲು. ಅವರು ತಕ್ಷಣ ಉತ್ತರ ಕೊಡ್ಲಿಲ್ಲ. ಮೂಳೆ ಕಲ್ಲಾಗ್ಬೇಕಾದ್ರೆ ಮೊದಲು ಏನಾಗ್ಬೇಕು ಹೇಳಿ ಅಂತ ಮಕ್ಕಳನ್ನೇ ಕೇಳಿದ್ರು. ಒಬ್ಬ ಮಣ್ಣಲ್ಲಿ ಹೂತುಹೋಗ್ಬೇಕು ಅಂದ, ಇನ್ನೊಬ್ಬಳು ಯಾರೂ ತಿನ್ನಬಾರ್ದು ಅಂದ್ಲು. ಸರಿ, ಹಾಗಾದ್ರೆ ಕೇಳಿ ಅಂತ ಶುರು ಮಾಡಿದ್ರು. ಚಾಮುಂಡಿ ಬೆಟ್ಟದ ಕಲ್ಲು ಭೂಮಿ ಒಳಗೆ ಕುದೀತಿದ್ದಿದ್ದು ತಣ್ಣಗಾಗಿ ಗಟ್ಟಿಯಾದ ಗ್ರಾನೈಟು, ಅದರೊಳಗೆ ಮೂಳೆ ಉಳಿಯೋ ಮಾತೇ ಇಲ್ಲ, ಸಾಲದ್ದಕ್ಕೆ ಅದಕ್ಕೆ ಸುಮಾರು 80 ಕೋಟಿ ವರ್ಷ, ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ನಿಮ್ಮ ತಿಪಟೂರು ಕಡೆ ಬಂಡೆ ಇನ್ನೂ ಹಳೇದು, 250 ಕೋಟಿ ವರ್ಷಕ್ಕೂ ಜಾಸ್ತಿ, ಆವಾಗ ಮೂಳೆ ಇರೋ ಪ್ರಾಣೀನೇ ಇರ್ಲಿಲ್ಲ ಮಗೂ, ಡೈನೋಸಾರ್ ಮೂಳೆ ಬೇಕು ಅಂದ್ರೆ ಗುಜರಾತಿನ ರಹಿಯೋಲಿಗೆ ಹೋಗ್ಬೇಕು, ಅಲ್ಲಿ ಮೊಟ್ಟೇನೂ ಸಿಕ್ಕಿದೆ ಅಂದ್ರು. ನನ್ನ ಮಗಳ ಕಣ್ಣು ಆವಾಗ ಅರಳಿದ್ದು ನಾನು ಮರೆಯಲ್ಲ. ನಮ್ಮೂರಲ್ಲಿ ಡೈನೋಸಾರ್ ಇಲ್ಲ ಅನ್ನೋ ಬೇಜಾರು ಹೋಗಿ, ಡೈನೋಸಾರ್‌ಗಿಂತ ಹಳೇ ಕಲ್ಲಿನ ಮೇಲೆ ನಾನು ದಿನಾ ಆಟ ಆಡ್ತೀನಿ ಅಂತ ಈಗ ಬಂದೋರಿಗೆಲ್ಲ ಹೇಳ್ತಾಳೆ.

ಆಮೇಲೆ ಹಕ್ಕಿಗಳ ಹತ್ರ ಕೊಕ್ಕು ನೋಡಿ ಏನು ತಿನ್ನುತ್ತೆ ಊಹೆ ಮಾಡಿ ಅಂದ್ರು, ಊಹೆ ಎಲ್ಲ ಬರೆಸಿ ಪಕ್ಕದ ಕೆರೆಗೇ ಕರ್ಕೊಂಡು ಹೋಗಿ ಬಣ್ಣದ ಕೊಕ್ಕರೆ ತೋರಿಸಿದ್ರು. ಅದು ಅರ್ಧ ತೆರೆದ ಕೊಕ್ಕನ್ನ ನೀರಲ್ಲಿ ಆ ಕಡೆ ಈ ಕಡೆ ಆಡಿಸ್ತಾ ಇರುತ್ತೆ, ಮೀನು ತಗುಲಿದ ಕೂಡ್ಲೇ ಪಟ್ ಅಂತ ಮುಚ್ಚುತ್ತೆ. ಎಂಟು ಮಕ್ಕಳೂ ಹತ್ತು ನಿಮಿಷ ಉಸಿರು ಬಿಡದೆ ನೋಡಿದ್ವು. ಒಟ್ಟು ಮೂರು ಗಂಟೆ ಆಯ್ತು, ಒಬ್ಬರೂ ಮನೆಗೆ ಹೋಗೋಣ ಅನ್ಲಿಲ್ಲ.

ನಾನು ಕೇಳೋದು ಇಷ್ಟೇ. ಶಾಲೆಯವರು ಟ್ರಿಪ್‌ನಲ್ಲಿ ಒಂದೆರಡು ಜಾಗ ಕಮ್ಮಿ ಮಾಡಿ ಮ್ಯೂಸಿಯಂಗೆ ಅರ್ಧ ದಿನ ಇಡ್ಲಿ, ಹದಿನೈದು ಇಪ್ಪತ್ತು ಮಕ್ಕಳಿಗೆ ಕನ್ನಡದಲ್ಲಿ ವಿವರಿಸೋ ಒಬ್ಬರು ಇರ್ಲಿ. ಅಷ್ಟು ಜನ ಎಲ್ಲಿಂದ ತರೋದು ಅಂತ ಕೇಳ್ಬಹುದು, ಮಾನಸಗಂಗೋತ್ರೀಲಿ ಝೂವಾಲಜಿ, ಬಾಟನಿ, ಭೂವಿಜ್ಞಾನ ಓದೋ ಎಂಎಸ್‌ಸಿ ಹುಡುಗ ಹುಡುಗೀರು ಊರಲ್ಲೇ ಇದ್ದಾರಲ್ಲ, ಟ್ರಿಪ್ ಸೀಸನ್‌ನಲ್ಲಿ ಅವರಿಗೆ ತರಬೇತಿ ಕೊಟ್ಟು, ದಿನಕ್ಕಿಷ್ಟು ಅಂತ ಗೌರವಧನ ಕೊಟ್ರೆ ಖಂಡಿತ ಬರ್ತಾರೆ. ಶಿಕ್ಷಣ ಇಲಾಖೆ, ಯೂನಿವರ್ಸಿಟಿ, ಮ್ಯೂಸಿಯಂ ಮೂರೂ ಕಡೆಯೋರು ಒಂದ್ಸಲ ಕೂತು ಮಾತಾಡಿದ್ರೆ ಆಗೋ ಕೆಲಸ ಇದು. ಇಂಥ ಜಾಗ ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇವೆ, ಇದಕ್ಕೆಲ್ಲ ಹಿರಿಯಕ್ಕನಂತಿದ್ದ ದೆಹಲಿ ಮ್ಯೂಸಿಯಂ, 1978ರಲ್ಲಿ ಶುರುವಾಗಿದ್ದು, 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಸುಟ್ಟೇ ಹೋಯ್ತು. ಉಳಿದಿರೋದನ್ನ ನಮ್ಮ ಮಕ್ಕಳು ಓಡ್ತಾ ಓಡ್ತಾ ನೋಡ್ಬಾರ್ದು.

ಡಿಸೆಂಬರ್ ಟ್ರಿಪ್ಪಿಗೆ ಬಸ್ ಬುಕ್ ಮಾಡೋ ಶಾಲೆಯವರು ದಯವಿಟ್ಟು ಈಗ್ಲೇ ಮ್ಯೂಸಿಯಂಗೆ ಒಂದು ಪತ್ರ ಬರೀರಿ, ಎಷ್ಟು ಮಕ್ಕಳು, ಯಾವ ಕ್ಲಾಸು, ಏನೇನು ಪ್ರಶ್ನೆ ಇದೆ ಅಂತ ಮಕ್ಕಳ ಕೈಲೇ ಬರೆಸಿ ಕಳಿಸಿ.

ಇಂತಿ,
ಒಬ್ಬ ತಾಯಿ, ತಿಪಟೂರು