ಹಳೆಯ ಮೇಲ್ ಐಡಿ ಬಿಡುವ ಮುಂಚೆ

ಚಿ. ಅನಿಲನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಲೇಜಿನ ದಿನಗಳ ಜಿಮೇಲ್‌ಗೆ ರಾಶಿ ರಾಶಿ ಸ್ಪ್ಯಾಮ್ ಬರುತ್ತಿದೆ, ಅದನ್ನು ಬಿಟ್ಟೇಬಿಡುತ್ತೇನೆ ಅಂದೆಯಂತೆ. ನಿಮ್ಮಮ್ಮ ಹೇಳಿದಳು. ಅವಸರ ಮಾಡಬೇಡ ಕಣೋ.

ಆ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀಯ, ನೆನಪು ಮಾಡಿಕೋ. ಬ್ಯಾಂಕ್, ಪಿಎಫ್, ಆದಾಯ ತೆರಿಗೆ. ಪಾಸ್‌ವರ್ಡ್ ಮರೆತರೆ ಲಿಂಕ್ ಬರುವುದೂ ಅಲ್ಲಿಗೇ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು. ನಿನ್ನದೊಂದು ಯಾಹೂ ಐಡಿಯೂ ಇತ್ತಲ್ವಾ? ಬಿಟ್ಟುಹೋದ ಐಡಿಗಳನ್ನು ಯಾಹೂ 2013ರಲ್ಲಿ ಬೇರೆಯವರಿಗೆ ಕೊಟ್ಟಿತ್ತು. ಅದನ್ನೂ ಒಮ್ಮೆ ತೆರೆದು ನೋಡು.

ಇಷ್ಟು ವರ್ಷದಲ್ಲಿ ಎಷ್ಟೋ ಸೈಟುಗಳಿಗೆ ಆ ವಿಳಾಸ ಕೊಟ್ಟಿರುತ್ತೀಯ. ಒಂದು ಕಡೆ ಸೋರಿದರೂ ಸಾಕು, ಅದು ಕೈಯಿಂದ ಕೈಗೆ ಮಾರಾಟವಾಗುತ್ತದೆ. 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಸೈಟಿನಲ್ಲಿ ವಿಳಾಸ ಹಾಕಿದರೆ, ಗೊತ್ತಿರುವ ಯಾವ ಸೋರಿಕೆಯಲ್ಲಿ ಅದು ಸಿಕ್ಕಿದೆ ಅಂತ ತೋರಿಸುತ್ತದೆ. ಸೋರಿದ ಸೈಟಿನ ಪಾಸ್‌ವರ್ಡನ್ನೇ ಬೇರೆ ಕಡೆಯೂ ಇಟ್ಟಿದ್ದರೆ ಇವತ್ತೇ ಬದಲಿಸು. ಸ್ಪ್ಯಾಮ್‌ಗಿಂತ ನನಗೆ ಇದರದ್ದೇ ಭಯ ಜಾಸ್ತಿ.

ನೀನು ಹಿಂದೆ ಏನೋ ಕೊಂಡ ಅಂಗಡಿಯ ಜಾಹೀರಾತಾದರೆ ಅನ್‌ಸಬ್‌ಸ್ಕ್ರೈಬ್ ಒತ್ತು, ನಿಲ್ಲುತ್ತದೆ. ಗುರುತೇ ಇಲ್ಲದವರ ಮೇಲ್‌ನಲ್ಲಿ ಅದನ್ನು ಮುಟ್ಟಬೇಡ. ಇಲ್ಲಿ ಯಾರೋ ಓದುತ್ತಿದ್ದಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ, ಅಷ್ಟೇ. ಸುಮ್ನೆ ಡಿಲೀಟ್ ಮಾಡುವ ಬದಲು 'ರಿಪೋರ್ಟ್ ಸ್ಪ್ಯಾಮ್' ಒತ್ತು, ಫಿಲ್ಟರ್ ಕಲಿಯುತ್ತದೆ. ಮೇಲ್‌ನೊಳಗಿನ ಚಿತ್ರಗಳು ತಾವಾಗಿ ತೆರೆಯದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಡು. ಕಣ್ಣಿಗೆ ಕಾಣದಷ್ಟು ಪುಟ್ಟ ಚಿತ್ರವೊಂದನ್ನು ಇಟ್ಟು, ನೀನು ಮೇಲ್ ತೆರೆದೆಯಾ ಅಂತ ತಿಳಿದುಕೊಳ್ಳುವವರಿದ್ದಾರೆ.

ಹೊಸ ವಿಳಾಸ ಬೇಡ ಅನ್ನುವುದಿಲ್ಲ. ಮಾಡಿಕೋ, ಆದರೆ ದುಡ್ಡಿನ ವ್ಯವಹಾರಕ್ಕೆ ಮಾತ್ರ ಇಟ್ಟುಕೋ. ಯಾವ ಅಂಗಡಿಗೂ, ಯಾವ ಆ್ಯಪ್‌ಗೂ ಕೊಡಬೇಡ. ಬ್ಯಾಂಕು, ತೆರಿಗೆ ಎಲ್ಲವನ್ನೂ ನಿಧಾನವಾಗಿ ಅದಕ್ಕೆ ಬದಲಿಸು. ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಆಮೇಲೆ ಹಳೆಯ ವಿಳಾಸಕ್ಕೆ 'ನಿಮ್ಮ ಬ್ಯಾಂಕ್ ಖಾತೆ ಬಂದ್ ಆಗಿದೆ' ಅಂತ ಮೇಲ್ ಬಂದರೆ, ತೆರೆಯುವ ಮೊದಲೇ ಅದು ಮೋಸ ಅಂತ ಗೊತ್ತಾಗುತ್ತದೆ. ಹೊಸದಕ್ಕೆ ಬಂದದ್ದನ್ನೂ ಕಣ್ಣುಮುಚ್ಚಿ ನಂಬಬೇಡ, ಲಿಂಕ್ ಒತ್ತದೆ ಬ್ಯಾಂಕಿನ ಆ್ಯಪ್‌ನಲ್ಲೇ ನೋಡು.

ಹಳೆಯದನ್ನು ವಾರಕ್ಕೊಮ್ಮೆಯಾದರೂ ತೆರೆ, ಸ್ಪ್ಯಾಮ್ ಫೋಲ್ಡರ್ ಮೇಲೂ ಕಣ್ಣಾಡಿಸು. ಒಳ್ಳೆಯ ಮೇಲ್ ಕೆಲವೊಮ್ಮೆ ಅಲ್ಲಿ ಸಿಕ್ಕಿಬೀಳುತ್ತದೆ. 30 ದಿನವಾದರೆ ಜಿಮೇಲ್ ಅದನ್ನು ಅಳಿಸಿಹಾಕುತ್ತದೆ.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಕೂತು ಒಂದೊಂದಾಗಿ ಬದಲಿಸೋಣ.

ಇಂತಿ ನಿನ್ನ ಮಾವ