ಪ್ರತಿ ಅರ್ಜಿಯ ವಿಂಡೋಗೂ ಬೇರೆ ಬೇರೆ ಹೆಸರಿರಲಿ

ಮಾನ್ಯ ಸಂಪಾದಕರೇ,

ಉಡುಪಿಯಲ್ಲಿ 19 ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಕರಪತ್ರ ಇಷ್ಟೇ ಕೆಲಸ. ಈಗ ಅರ್ಧ ದಿನ ಆನ್‌ಲೈನ್ ಅರ್ಜಿ ತುಂಬುವುದರಲ್ಲೇ ಹೋಗುತ್ತದೆ. ಆ ಅರ್ಜಿಗಳ ಬಗ್ಗೆಯೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ಶಾಲೆ ಶುರುವಾದ ಹೊತ್ತು. ಬೆಂಚಿನ ಮೇಲೆ ಇಬ್ಬರು ತಾಯಂದಿರು, ಇಬ್ಬರಿಗೂ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕಿತ್ತು. ಒಂದು ಅರ್ಜಿಗೆ ಒಟಿಪಿ ಬರಲು ತಡವಾಯಿತು. ಸುಮ್ನೆ ಕಾಯುವುದು ಯಾಕೆ ಎಂದು ಇನ್ನೊಂದು ವಿಂಡೋ ತೆರೆದು ಎರಡನೆಯವರದ್ದು ಶುರು ಮಾಡಿದೆ. ಕೆಳಗಿನ ಪಟ್ಟಿಯಲ್ಲಿ ಎರಡು ವಿಂಡೋಗಳಿಗೂ ಒಂದೇ ಹೆಸರು, ಒಂದೇ ಚಿತ್ರ. ಒಬ್ಬರ ಬ್ಯಾಂಕ್ ಖಾತೆ ನಂಬರ್ ಕಾಪಿ ಮಾಡಿ ಇನ್ನೊಬ್ಬರ ಅರ್ಜಿಯಲ್ಲಿ ಪೇಸ್ಟ್ ಮಾಡಿಬಿಟ್ಟೆ. ಸಬ್‌ಮಿಟ್ ಕೂಡ ಆಯಿತು.

ಅದು ಸರಿಯಾಗಲು ಒಂದೂವರೆ ತಿಂಗಳು ಹಿಡಿಯಿತು. ತಪ್ಪು ನಂಬರ್ ಹೋದ ಅರ್ಜಿಯ ತಾಯಿ ಮಲ್ಪೆ ಬಂದರಿನಲ್ಲಿ ದಿನಗೂಲಿಗೆ ಮೀನು ಶುಚಿ ಮಾಡುವವರು. ಕಚೇರಿಗೆ ಅಲೆಯಲು ಮೂರು ದಿನದ ಕೂಲಿ ಕಳೆದುಕೊಂಡರು. ಒಂದು ಮಾತು ಬೈಯಲಿಲ್ಲ. “ಅಕ್ಕ, ಈ ಸಲ ಸರಿ ಉಂಟಲ್ಲ?” ಎಂದು ಕೇಳಿದರು ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಆದರೆ ಯಾವ ವಿಂಡೋ ಯಾರದ್ದು ಎಂದು ಕಂಪ್ಯೂಟರಿಗೇ ನಿಯಮ ಹೇಳಿಕೊಡಬಹುದು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮಗ ತೋರಿಸಿಕೊಟ್ಟ. ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್, ಅದರ ಮೇಲೆ ಕೆಡಿಇ ಎಂಬ ಡೆಸ್ಕ್‌ಟಾಪ್. ಅದರಲ್ಲಿ ವಿಂಡೋದ ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ನಿಯಮ ಬರೆಯುವ ಜಾಗವೇ ಇದೆ. ವಿಂಡೋಸ್‌ನಲ್ಲಿ ಹಾಗೆ ಸಿಗುವುದಿಲ್ಲ. ನಾನು ಯಾವ ವಿಂಡೋದಲ್ಲಿ ಯಾವ ಕೀ ಏನು ಮಾಡಬೇಕು ಎಂದು ಬರೆದಿಡಬಹುದಾದ ಆಟೋಹಾಟ್‌ಕೀ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. 2003ರಿಂದ ಇದೆಯಂತೆ. ನಮಗೆ ಯಾರೂ ಹೇಳಲೇ ಇಲ್ಲ.

ಅದರ ಜೊತೆ ವಿಂಡೋ ಸ್ಪೈ ಎಂಬ ಸಣ್ಣ ಸಾಧನ ಬರುತ್ತದೆ. ಮೌಸನ್ನು ಒಂದು ವಿಂಡೋದ ಮೇಲೆ ಒಯ್ದರೆ ಅದರ ಜಾತಕವನ್ನೇ ತೋರಿಸುತ್ತದೆ. ಮೊದಲ ಸಾಲಿನಲ್ಲಿ ಟೈಟಲ್ ಅಂದರೆ ತಲೆಪಟ್ಟಿಯ ಹೆಸರು, ಅದರ ಕೆಳಗೆ ಕ್ಲಾಸ್ ಅಂದರೆ ಅದು ಯಾವ ಬಗೆಯ ವಿಂಡೋ ಎಂದು ಕಂಪ್ಯೂಟರ್ ಇಟ್ಟುಕೊಂಡ ಹೆಸರು, ಆಮೇಲೆ ಪ್ರೋಗ್ರಾಮಿನ ಹೆಸರು. ನಿಯಮ ಬರೆಯುವಾಗ ಈ ಮೂರರಲ್ಲಿ ಯಾವುದನ್ನು ನಂಬಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ಕ್ಲಾಸ್ ಒಂದನ್ನೇ ನಂಬಿದರೆ ಕ್ರೋಮ್ ಯಾವುದು, ಎಡ್ಜ್ ಯಾವುದು ಎಂದು ತಿಳಿಯುವುದಿಲ್ಲ. ಎಡ್ಜ್ ಕೂಡ 2020ರಿಂದ ಕ್ರೋಮ್‌ನ ತಳಪಾಯವಾದ ಕ್ರೋಮಿಯಂ ಮೇಲೆಯೇ ನಿಂತಿರುವುದರಿಂದ ಎರಡರದ್ದೂ ಒಂದೇ ಕ್ಲಾಸ್. ಪ್ರೋಗ್ರಾಮಿನ ಹೆಸರು ಸೇರಿಸಿದರೆ ಈ ಗೊಂದಲ ಹೋಗುತ್ತದೆ. ಟೈಟಲ್ ಮಾತ್ರ ಪುಟ ಬದಲಾದ ಹಾಗೆ ಬದಲಾಗುತ್ತದೆ. ಅದಕ್ಕೇ ಪೂರ್ತಿ ಟೈಟಲ್ ಹೊಂದಬೇಕು ಎಂದು ಬರೆಯಬಾರದು, ಅದರ ಒಂದು ತುಂಡು ಸಿಕ್ಕಿದರೆ ಸಾಕು ಎಂದು ಬರೆಯಬೇಕು.

ಡಿಟಿಪಿ ಕೆಲಸಕ್ಕೆ ಇದರ ಉಪಯೋಗ ಜಾಸ್ತಿ. ಪೇಜ್‌ಮೇಕರ್‌ನಲ್ಲಿ ನಮಗೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್ ಬೇಕು, ಬ್ರೌಸರ್‌ನಲ್ಲಿ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಬೇಕು. ಅದಲುಬದಲಾದರೆ ಒಂದು ಕಡೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು, ಇನ್ನೊಂದು ಕಡೆ ಪ್ರಶ್ನೆ ಚಿಹ್ನೆಗಳ ಸಾಲು. ಈಗ ನಾನು ಎಫ್7 ಒತ್ತಿದರೆ ‘ಬ್ರಹ್ಮಕಲಶೋತ್ಸವ’ ಎಂಬ ಪದ ಪೇಜ್‌ಮೇಕರ್‌ನಲ್ಲಿ ಹಳೆಯ ಫಾಂಟಿನ ಲೆಕ್ಕದಲ್ಲಿ ಬೀಳುತ್ತದೆ, ಬ್ರೌಸರ್‌ನಲ್ಲಿ ಯೂನಿಕೋಡ್ ಆಗಿ ಬೀಳುತ್ತದೆ. ಕೀ ಒಂದೇ, ವಿಂಡೋ ನೋಡಿ ಕೆಲಸ ಬೇರೆ. ನಾವು ದಿನಾ ಒತ್ತುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರು ನಮ್ಮ ಕರಾವಳಿಯವರೇ, ಕಿನ್ನಿಕಂಬಳದವರು. ಅಂಥ ಊರಿನಲ್ಲಿ ಇಂಥ ವಿಷಯ ನಮ್ಮ ಕೆಲಸದವರಿಗೆ ಗೊತ್ತಿಲ್ಲ ಎಂದರೆ ಬೇಸರ ಆಗುತ್ತದೆ.

ಕನ್ನಡದ ಟೈಟಲ್ ಹಿಡಿಯುವಾಗ ಮಾತ್ರ ಒಂದು ತೊಡಕಿದೆ. ‘ಆಧಾರ್’ ಎಂಬ ಪದ ಇರುವ ವಿಂಡೋಗೆ ನಿಯಮ ಬರೆದೆ. ಕೆಲಸ ಮಾಡಲಿಲ್ಲ. ಕಣ್ಣಿಗೆ ಅಕ್ಷರ ಅಕ್ಷರವೂ ಒಂದೇ! ಮಧ್ಯಾಹ್ನದ ಊಟ ಬಿಟ್ಟು ಹುಡುಕಿದೆ. ಕೊನೆಗೆ ಗೊತ್ತಾಯಿತು, ನಾನು ಟೈಪ್ ಮಾಡುವಾಗ ರ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡಿತ್ತು. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದೆ ನಿಲ್ಲಲಿ ಎಂದು ಬಳಸುವ ಚಿಹ್ನೆ ಅದು. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಓದುವವರಿಗೆ ವ್ಯತ್ಯಾಸವಿಲ್ಲ. ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ ಪದ. ಈಗ ನಾನು ಟೈಟಲನ್ನು ಟೈಪ್ ಮಾಡುವುದೇ ಇಲ್ಲ, ವಿಂಡೋ ಸ್ಪೈಯಿಂದಲೇ ಕಾಪಿ ಮಾಡುತ್ತೇನೆ.

ಇಷ್ಟೆಲ್ಲ ಕಲಿತರೂ ನನ್ನ ಮೂಲ ತೊಂದರೆ ಹಾಗೇ ಉಳಿಯಿತು. ಎರಡು ಅರ್ಜಿಗಳ ವಿಂಡೋಗೂ ಪ್ರೋಗ್ರಾಮ್ ಒಂದೇ, ಕ್ಲಾಸ್ ಒಂದೇ, ಟೈಟಲ್ ಒಂದೇ. ನಿಯಮ ಪಾಪ ಯಾವುದನ್ನು ನೋಡಿ ಗುರುತಿಸಬೇಕು? ಕ್ರೋಮ್‌ನ ಮೋರ್ ಟೂಲ್ಸ್ ಒಳಗೆ ನೇಮ್ ವಿಂಡೋ ಎಂದು ಇದೆ. ಈಗ ಪ್ರತಿ ಗಿರಾಕಿಗೂ ಒಂದು ಟೋಕನ್ ನಂಬರ್ ಕೊಟ್ಟು ಅವರ ವಿಂಡೋಗೆ ಅದೇ ಹೆಸರಿಡುತ್ತೇನೆ. ಟೋಕನ್ ಹೊಂದದ ವಿಂಡೋದಲ್ಲಿ ನನ್ನ ಪೇಸ್ಟ್ ಕೀ ಕೆಲಸ ಮಾಡುವುದಿಲ್ಲ, ಬೀಪ್ ಎನ್ನುತ್ತದೆ. ಆಮೇಲೆ ಇಲ್ಲಿಯವರೆಗೆ ಒಂದೇ ಒಂದು ಅರ್ಜಿ ಅದಲುಬದಲಾಗಿಲ್ಲ.

ಆದರೆ ಇದನ್ನೆಲ್ಲ ಪ್ರತಿ ಅಂಗಡಿಯವರೂ ಕಲಿಯಬೇಕು ಎನ್ನುವುದು ನ್ಯಾಯವಾ? ಅರ್ಜಿಯ ಜಾಲತಾಣ ಮಾಡುವವರು ಟೈಟಲ್‌ನಲ್ಲಿ ಅರ್ಜಿ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಹಾಕಿದರೆ ಸಾಕು. ಅವರಿಗೆ ಅದು ಒಂದು ಸಾಲಿನ ಕೆಲಸ. ಹೆಸರು ಹಾಕುವುದು ಬೇಡ, ಪಕ್ಕದಲ್ಲಿ ಕೂತವರು ಓದುತ್ತಾರೆ ಅಲ್ವಾ. ಒಮ್ಮೆ ಇಟ್ಟ ಟೈಟಲನ್ನು ತಿಂಗಳಿಗೊಮ್ಮೆ ಬದಲಿಸಲೂ ಬೇಡಿ. ಸರ್ಕಾರಿ ಇಲಾಖೆಗಳು ಜಾಲತಾಣಕ್ಕೆ ಟೆಂಡರ್ ಕರೆಯುವಾಗಲೇ ಈ ಷರತ್ತು ಹಾಕಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಉಡುಪಿ, ಮಂಗಳೂರಿನ ಡಿಟಿಪಿ ಮತ್ತು ಸೈಬರ್ ಅಂಗಡಿಯವರಿಗೂ ಒಂದು ಮಾತು. ವಿಂಡೋಸ್ 11ರಲ್ಲಿ ಕೀಬೋರ್ಡ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನೊಳಗೆ, ಪ್ರತಿ ಆ್ಯಪ್ ವಿಂಡೋಗೂ ಬೇರೆ ಬೇರೆ ಭಾಷೆಯ ಕೀಬೋರ್ಡ್ ಇಟ್ಟುಕೊಳ್ಳುವ ಒಂದು ಟಿಕ್ ಇದೆ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಬಳಸುವವರು ಇವತ್ತೇ ಅದನ್ನು ಹಾಕಿ ನೋಡಿ. ನಿಯಮ ಬರೆಯುವುದು ಕಷ್ಟ ಎನಿಸಿದವರು ಪೆನ್ ಡ್ರೈವ್ ಹಿಡಿದು ಸಂಜೆ ಆರರ ಮೇಲೆ ನನ್ನ ಅಂಗಡಿಗೆ ಬನ್ನಿ, ನಾನು ಬರೆದದ್ದನ್ನು ಹಾಗೇ ಕೊಡುತ್ತೇನೆ.

ಇಂತಿ,
ಒಬ್ಬ ಡಿಟಿಪಿ ಕೆಲಸಗಾರ್ತಿ, ಉಡುಪಿ