ನೆಟ್ಟ ಹೊಂಗೆಗೆ ಬೆಲೆಯೂ ಬೇಕು: ಗ್ರಾಮೀಣಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರೇ,

ಸವಿನಯ ನಮಸ್ಕಾರಗಳು.

ಕರ್ನಾಟಕ ಸರ್ಕಾರವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ತಂದು, ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಲ್ಲಿ ಹೊಂಗೆ, ಬೇವು, ಹಿಪ್ಪೆಯಂಥ ಮರಗಳನ್ನು ಪಾಳುಭೂಮಿಯಲ್ಲೂ ಹೊಲದ ಬದುಗಳಲ್ಲೂ ಬೆಳೆಸಲು ಹೊರಟಾಗ, ನಾವೂ ನಂಬಿ ಬದುವಿನುದ್ದಕ್ಕೂ ಹನ್ನೆರಡು ಹೊಂಗೆ ಸಸಿಗಳನ್ನು ನೆಟ್ಟೆವು. ಅವೆಲ್ಲ ಇಂದು ನೆರಳು ಕೊಡುವ ಮರಗಳಾಗಿವೆ. ಬೀಜವನ್ನು ಮಾತ್ರ ನ್ಯಾಯವಾದ ಬೆಲೆಗೆ ಕೊಳ್ಳುವವರಿಲ್ಲ.

ಹೊಂಗೆಯ ಗುಣವನ್ನು ಬಯಲುಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷವೂ, ಚೌಳು ನೆಲದಲ್ಲೂ ಅದು ಬದುಕುತ್ತದೆ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಅದರ ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುವುದು ನಮ್ಮ ಹಿರಿಯರ ಕಾಲದಿಂದ ಬಂದ ರೂಢಿ. ಯುಗಾದಿಯ ಆಸುಪಾಸಿನಲ್ಲಿ ಚಿಗುರಿ, ತಿಳಿನೇರಳೆ ಹೂಗೊಂಚಲು ಬಿಟ್ಟಾಗ ಮರದಡಿ ನಿಂತರೆ ಜೇನ್ನೊಣಗಳ ಗುಂಯ್‌ಗುಡುವಿಕೆ ತಲೆಯ ಮೇಲೆಲ್ಲ ತುಂಬಿರುತ್ತದೆ.

ಆ ಹೂವು ಕಾಯಾಗಿ ಮಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಕಾಯಿ ತಾನಾಗಿ ಬಿರಿಯುವುದಿಲ್ಲ. ಆಯ್ದು ತಂದು, ಬಿಸಿಲಿಗೆ ಒಣಗಿಸಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿಯಬೇಕು. ಬಹುಪಾಲು ಕಾಯಿಗಳಲ್ಲಿ ಸಿಗುವುದು ಒಂದೇ ಬೀಜ. ನನ್ನ ತಾಯಿ ಹಲವು ಮಧ್ಯಾಹ್ನ ಕೂತು ಹೀಗೆ ಬಿಡಿಸಿದ ಬೀಜವನ್ನು ಹೋದ ವರ್ಷ ವ್ಯಾಪಾರಿಯೊಬ್ಬರು ತಕ್ಕಡಿಯನ್ನೂ ಹೊರತೆಗೆಯದೆ, ಕಣ್ಣಳತೆಯಲ್ಲೇ ಬೆಲೆ ಕಟ್ಟಿ ಒಯ್ದರು. ಈ ವರ್ಷ ತಾಯಿ ಕೊಡತಿ ಹಿಡಿಯಲಿಲ್ಲ. ಕಾಯಿಗಳು ಬದುವಿನಲ್ಲೇ ಕೊಳೆತವು.

ಹೀಗೆ ಕೊಳೆಯುವ ಬೀಜದ ತೂಕದಲ್ಲಿ ಶೇ. 30ರಿಂದ 40ರಷ್ಟು ಎಣ್ಣೆಯಿದೆ. ಉಳಿಯುವ ಹಿಂಡಿಯಲ್ಲಿ ಸುಮಾರು ಶೇ. 4ರಷ್ಟು ಸಾರಜನಕವಿದ್ದು, ಅದು ತೋಟಗಳಿಗೆ ಒಳ್ಳೆಯ ಗೊಬ್ಬರ. ಈ ಎಣ್ಣೆಯಿಂದ ಎಂಜಿನ್ ಓಡುತ್ತದೆಯೇ ಎಂಬ ಸಂಶಯಕ್ಕೂ ಎಡೆಯಿಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಕೊಳವೆಬಾವಿಯ ನೀರೆತ್ತಿ ಹೊಲಗಳಿಗೆ ಹರಿಸಿ ತೋರಿಸಿದ್ದಾರೆ.

ಕೇಂದ್ರ ಸರ್ಕಾರವು 2013-14ರಲ್ಲಿ ಕಿರು ಅರಣ್ಯ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯ ಯೋಜನೆ ಆರಂಭಿಸಿದಾಗಲೇ ಹೊಂಗೆ ಬೀಜ ಅದರ ಪಟ್ಟಿಯಲ್ಲಿತ್ತು. ಅದು ಕಾಡಿನಿಂದ ಆಯ್ದು ತರುವ ಬುಡಕಟ್ಟು ಜನರಿಗಾಗಿ ರೂಪುಗೊಂಡದ್ದು, ಅವರಿಗದು ಸಲ್ಲಲೇಬೇಕು. ಸರ್ಕಾರದ ಮಾತಿನ ಮೇಲೆ ತನ್ನ ಬದುವಿನಲ್ಲಿ ಮರ ಬೆಳೆಸಿದ ರೈತನಿಗೂ ಅಂಥದೇ ಒಂದು ಭರವಸೆಯನ್ನು ರಾಜ್ಯವೇ ಕೊಡಬೇಕೆಂಬುದು ನನ್ನ ಕೋರಿಕೆ. ಕಾಯಿ ಮಾಗುವ ಮೊದಲೇ ಬೆಲೆ ಘೋಷಣೆಯಾಗಲಿ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ, ಸ್ತ್ರೀಶಕ್ತಿ ಸಂಘಗಳ ಮೂಲಕ ತೂಕ ಹಾಕಿ ಕೊಳ್ಳುವ ವ್ಯವಸ್ಥೆಯಾಗಲಿ. ಕಾಯಿ ಬಿಡಿಸುವ ಒಂದು ಯಂತ್ರವನ್ನು ಹೋಬಳಿಗೊಂದರಂತೆ ಒದಗಿಸಿದರೂ ಹೆಂಗಸರ ಕೈನೋವು ಎಷ್ಟೋ ತಗ್ಗುತ್ತದೆ.

ಇನ್ನು ಮುಂದೆ ಸಸಿ ಹಂಚುವುದಾದರೆ ದಯವಿಟ್ಟು ಕಸಿ ಗಿಡಗಳನ್ನೇ ಕೊಡಿಸಿ. ಬೀಜದಿಂದ ಎದ್ದ ಹೊಂಗೆ ತಾಯಿಮರದ ಗುಣವನ್ನೇ ಹೊತ್ತು ಬರುವುದಿಲ್ಲ. ನಮ್ಮ ಹನ್ನೆರಡರಲ್ಲಿ ಮೂರು ಮರ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟರೆ, ಎರಡು ಇಂದಿಗೂ ಬರಿದೇ ನಿಂತಿವೆ. ಚೆನ್ನಾಗಿ ಫಲ ಕೊಡುವ ಮರದ ಕಡ್ಡಿಯಿಂದ ಕಸಿ ಕಟ್ಟಿದರೆ ಫಸಲೂ ಬೇಗ ಕೈಗೆ ಬರುತ್ತದೆ.

ನೆರಳಿಗೆ ರಾಗಿ ಸೊರಗುತ್ತದೆಂದು ನಮ್ಮ ಪಕ್ಕದ ಹೊಲದವರು ಈ ಬೇಸಿಗೆಯಲ್ಲಿ ನಾಲ್ಕು ಹೊಂಗೆ ಮರ ಕಡಿಸಿದರು. ಬೀಜದಿಂದ ನಾಲ್ಕು ಕಾಸು ಹುಟ್ಟುತ್ತಿದ್ದರೆ ಅವರೂ ಕೊಡಲಿ ಎತ್ತುತ್ತಿರಲಿಲ್ಲ. ಉಳಿದ ಮರಗಳಲ್ಲಿ ಈಗ ಎಳೆಗಾಯಿ ಕಟ್ಟಿದೆ. ಅದು ಮಾಗುವುದರೊಳಗೆ ತಮ್ಮ ಆದೇಶ ನಮ್ಮ ಪಂಚಾಯಿತಿಗೆ ತಲುಪಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ರೈತ